ಪದ್ಯದಲ್ಲಿ ತೀರಿಕೊಂಡ ಬೆಳ್ಯಪ್ಪ

ಹೊಸದಾಗಿ ಮೈಕಿನ ಮುಂದೆ ಕೂರಲು ಬರುವವರು ನನ್ನನ್ನು ಮೊದಲು ಕೇಳುವುದು ಗಂಟಲಿಗೆ ಏನು ಕುಡಿಯಬೇಕು ಎಂದು. ಬಿಸಿನೀರು ಕುಡಿಯಿರಿ, ಕಾಳುಮೆಣಸಿನ ಕಷಾಯ ಅತಿ ಮಾಡಬೇಡಿ ಎನ್ನುತ್ತೇನೆ. ನಿಜವಾಗಿ ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಓದುತ್ತಿರುವ ಪದ್ಯದಲ್ಲಿ ‘ನಾನು’ ಎಂದು ಬಂದಾಗ ಅದನ್ನು ಯಾರಾಗಿ ಓದಬೇಕು? ಬರೆದವರಾಗಿಯೋ, ಓದುತ್ತಿರುವ ನಾವಾಗಿಯೋ, ಅಥವಾ ಆ ಪದ್ಯದಲ್ಲಿ ಮಾತ್ರ ಇರುವ ಇನ್ಯಾರೋ ಆಗಿಯೋ? ಬೆಟ್ಟದ ಮೇಲಿನ ನಮ್ಮ ರೇಡಿಯೋ ನಿಲಯದಲ್ಲಿ ಕೆಲಸ ಮಾಡಿದಷ್ಟು ವರ್ಷವೂ ಇದು ನನ್ನನ್ನು ಕಾಡಿತು. ಉತ್ತರ ಸಿಕ್ಕಿತು ಎಂದು ನಾಲ್ಕೈದು ಸಲ ಅಂದುಕೊಂಡೆ. ಪ್ರತಿ ಸಲವೂ ಯಾರಾದರೊಬ್ಬರು ಬಂದು ಅದನ್ನು ತಲೆಕೆಳಗು ಮಾಡಿ ಹೋದರು.

ನಾನು ಕುಶಾಲನಗರದ ಕಡೆಯವಳು. ಅಜ್ಜನ ಕಾಲದಲ್ಲಿ ಹಾಸನದಿಂದ ಬಂದು ನೆಲೆಸಿದ ಬೇಸಾಯದ ಕುಟುಂಬ. ಉದ್ಘೋಷಕಿಯಾಗಿ ಸೇರಿದೆ. ಹವಾಮಾನ, ಕಾಫಿ ಬೆಳೆಗಾರರಿಗೆ ಸಲಹೆ, ಚಿತ್ರಗೀತೆ, ಎಲ್ಲವನ್ನೂ ಓದಿದ್ದೇನೆ. ಆದರೆ ಭಾನುವಾರ ಬೆಳಗಿನ ಕೇಳುಗರ ಕವಿತೆಯ ಕಾರ್ಯಕ್ರಮವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಜಿಲ್ಲೆಯ ಮೂಲೆಮೂಲೆಯಿಂದ ಕಾಗದಗಳು ಬರುತ್ತಿದ್ದವು. ಎಸ್ಟೇಟ್ ಕೂಲಿಗಳ ಲೈನ್‌ಮನೆಗಳಿಂದ, ಹಾಸ್ಟೆಲ್‌ಗಳಿಂದ, ಗೋಣಿಕೊಪ್ಪಲಿನ ಅಂಗಡಿಗಳಿಂದ. ಕನ್ನಡ ಮನೆಮಾತಲ್ಲದವರೇ ಹೆಚ್ಚು. ಮನೆಯಲ್ಲಿ ಕೊಡವ ಭಾಷೆ, ಮಲಯಾಳ ಅಥವಾ ಉರ್ದು ಮಾತಾಡುವವರು ಪದ್ಯಕ್ಕೆ ಕುಳಿತಾಗ ಕನ್ನಡ ಬರೆಯುತ್ತಿದ್ದರು. ಮನೆಯಲ್ಲಿ ಹೇಳಲಾಗದ್ದನ್ನು ಹೇಳಲು ಬೇರೆ ಮಾತೇ ಅನುಕೂಲವೇನೋ ಎಂದು ನನಗೆ ಆಗಾಗ ಅನ್ನಿಸಿದೆ.

ಒಮ್ಮೆ ಒಬ್ಬ ಫಾರೆಸ್ಟ್ ಗಾರ್ಡ್ ಆನೆಯಾಗಿ ಪದ್ಯ ಬರೆದಿದ್ದ. ‘ನನ್ನಜ್ಜಿ ನಡೆದ ದಾರಿಗೆ ನೀನು ತಂತಿ ಕಟ್ಟಿದೆ’ ಎಂದು ಶುರುವಾಗುತ್ತಿತ್ತು. ನಾನು ಗಂಭೀರವಾಗಿ, ಸ್ವಲ್ಪ ಗಂಟಲು ತಗ್ಗಿಸಿ ಓದಿದೆ. ಪ್ರಸಾರ ಮುಗಿಯುವ ಮೊದಲೇ ಫೋನು. ಕಾಫಿ ತೋಟದ ಮಾಲೀಕರೊಬ್ಬರು ಸಿಟ್ಟಾಗಿದ್ದರು.

“ಏನಮ್ಮಾ, ಆನೆ ಪರ ವಕಾಲತ್ತು ಮಾಡ್ತಾ ಇದ್ದೀರಾ? ನನ್ನ ಬಾಳೆ ಪೂರ್ತಿ ತಿಂದು ಹೋಗಿದೆ. ಅದಕ್ಕೆ ಒಂದು ಮಾತು ಹೇಳಿ.”

“ಯಾವುದಕ್ಕೆ ಸರ್?”

“ಆ ಆನೆಗೆ.”

ಮುಂದಿನ ವಾರ ಅವರೇ ಬಾಳೆತೋಟವಾಗಿ ಒಂದು ಪದ್ಯ ಬರೆದು ಕಳಿಸಿದರು. ಅದನ್ನೂ ಓದಿದೆ. ಆನೆ ಆಗಲು ನನಗೆ ಕಷ್ಟವಾಗಿರಲಿಲ್ಲ, ಬಾಳೆತೋಟ ಆಗಲು ತುಂಬ ಕಷ್ಟವಾಯಿತು. ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಆ ದಿನಗಳಲ್ಲಿ ನಾವು ಟೇಪಿನಲ್ಲಿ ಮುದ್ರಿಸುತ್ತಿದ್ದೆವು. ತಪ್ಪಿದರೆ ಆ ತುಂಡನ್ನು ಬ್ಲೇಡಿನಿಂದ ಕತ್ತರಿಸಿ ಎರಡು ತುದಿಗಳನ್ನು ಅಂಟಿಸಬೇಕು. ಕೈ ನಡುಗಿದರೆ ಮಾತಿನ ಬಾಲವೂ ಹೋಗುತ್ತಿತ್ತು. ಹಾಗಾಗಿ ತೀರಾ ಅಗತ್ಯ ಬಿದ್ದರೆ ಮಾತ್ರ ಕತ್ತರಿಸುತ್ತಿದ್ದೆವು. ಕಂಪ್ಯೂಟರ್ ಬಂದ ಮೇಲೆ ದನಿ ಪರದೆಯ ಮೇಲೆ ಗೆರೆಗೆರೆಯಾಗಿ ಕಾಣತೊಡಗಿತು, ಬೇಡದ್ದನ್ನು ಒಂದು ಬೆರಳಿನಲ್ಲಿ ಅಳಿಸಬಹುದಾಯಿತು. ನನಗೆ ಅದರ ಹುಚ್ಚು ಹಿಡಿಯಿತು. ಗೋಣಿಕೊಪ್ಪಲಿನ ಒಬ್ಬ ನರ್ಸ್ ತಾನೇ ಬಂದು ತನ್ನ ಪದ್ಯ ಓದಿದ್ದಳು. ಸಾಲುಗಳ ನಡುವೆ ಅವಳು ಎಳೆದುಕೊಂಡ ಉಸಿರನ್ನೆಲ್ಲ ಕೂತು ಅಳಿಸಿದೆ. ಸ್ವಚ್ಛವಾಯಿತು ಎಂದು ಬೀಗಿದೆ. ಪ್ರಸಾರ ಕೇಳಿದ ಅವಳು ಫೋನು ಮಾಡಿ, “ಚೆನ್ನಾಗಿ ಬಂದಿದೆ ಮೇಡಂ, ಆದ್ರೆ ಅದು ನಾನಲ್ಲ. ನಾನು ಉಸಿರಾಡ್ತೇನೆ” ಎಂದಳು. ನನಗೆ ನಾಚಿಕೆಯಾಯಿತು. ಆಮೇಲೆ ಯಾರ ಉಸಿರನ್ನೂ ಮುಟ್ಟಿಲ್ಲ. ನೀವೂ ಮುಟ್ಟಬೇಡಿ.

ಇನ್ನು ನಮ್ಮ ಮೇಲಧಿಕಾರಿಯ ವಿಷಯ. ಧಾರವಾಡದ ಕಡೆಯವರು. ನಮ್ಮ ಮಳೆಗೆ ಹೆದರಿ ಬೇಸಿಗೆಯಲ್ಲೂ ಸ್ವೆಟರ್ ಹಾಕುತ್ತಿದ್ದರು. ಪದ್ಯದ ಹಾಳೆಯನ್ನು ಅವರ ಮೇಜಿನ ಮೇಲಿಟ್ಟರೆ ಛಂದಸ್ಸು, ಪ್ರಾಸ ಒಂದನ್ನೂ ನೋಡದೆ ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಇಲ್ಲೆ ಮಾತಾಡಾಕತ್ತಾವ್ರು ಯಾರ್ರಿ?”

ಉತ್ತರ ಹೇಳಿದರೆ ಸಹಿ. ತಡವರಿಸಿದರೆ ಹಾಳೆ ವಾಪಸು. ಮೊದಮೊದಲು ನನಗೆ ಇದು ಅಧಿಕಾರದ ಕಿರಿಕಿರಿ ಅನ್ನಿಸುತ್ತಿತ್ತು. ಕನ್ನಡ ಎಂ.ಎ. ಮಾಡಿದವಳು ನಾನು. ಕವಿತೆಯ ‘ನಾನು’ ಕವಿಯೇ ಆಗಬೇಕಿಲ್ಲ ಎಂದು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಬರೆದದ್ದು ತಲೆಯಲ್ಲಿತ್ತು, ಕೆಲಸಕ್ಕೆ ಬಂದಿರಲಿಲ್ಲ ಎಂದು ತಿಳಿದದ್ದು ಬೆಳ್ಯಪ್ಪನವರ ಪ್ರಕರಣದಲ್ಲಿ.

ನನ್ನ ನಿವೃತ್ತಿಗೆ ಕೆಲವೇ ವರ್ಷ ಇದ್ದಾಗಿನ ಮಾತು. ವಿರಾಜಪೇಟೆಯಿಂದ ಕಕ್ಕಬೆಗೆ ಹೋಗುವ ದಾರಿಯ ಒಂದು ಹಳ್ಳಿಯಿಂದ ಕಾಗದ ಬಂತು. ದುಂಡಗಿನ ಅಕ್ಷರ. ಕೆಳಗೆ ‘ದೇವಕಿ ಬೆಳ್ಯಪ್ಪ’ ಎಂಬ ಹೆಸರು, ಫೋನ್ ನಂಬರು. ಪದ್ಯದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು ಅವನ ಜೊತೆ ಮಾತಾಡುತ್ತಾಳೆ. ನಡುವಿನ ನಾಲ್ಕು ಸಾಲು ನನಗೆ ಬಾಯಿಪಾಠವಾಗಿ ಉಳಿದಿವೆ:

ಮಳೆ ನಿಂತರೂ ನಿನ್ನ ಕೊಡೆ
ಮೂಲೆಯಲ್ಲಿ ಒಣಗಿಲ್ಲ
ಇಬ್ಬರಿಗೆ ಅಕ್ಕಿ ಅಳೆದ ಕೈ
ಒಬ್ಬರಿಗೆ ಕಲಿತಿಲ್ಲ

ಇನ್ನೊಮ್ಮೆ ಓದಿದೆ. ಹಾಳೆಯನ್ನು ಮೇಲಧಿಕಾರಿಯ ಬಳಿ ಒಯ್ದೆ.

“ಮಾತಾಡಾಕತ್ತಾವ್ರು ಯಾರ್ರಿ?”

“ದೇವಕಿ ಬೆಳ್ಯಪ್ಪ ಅಂತ ಸರ್. ಯಜಮಾನರು ತೀರಿಹೋಗಿದ್ದಾರೆ.”

“ಖಾತ್ರಿ ಏನು?”

“ಹೆಸರು ಹಾಕಿದ್ದಾರಲ್ಲ ಸರ್.”

ಅವರು ಒಂದು ಗಳಿಗೆ ನನ್ನನ್ನೇ ನೋಡಿ ಸಹಿ ಹಾಕಿದರು. ಫೋನ್ ನಂಬರು ಕಣ್ಣೆದುರೇ ಇತ್ತು. ದುಃಖದಲ್ಲಿರುವ ಹೆಂಗಸಿಗೆ ಯಾಕೆ ತೊಂದರೆ ಎಂದು ಮಾಡಲಿಲ್ಲ. ಭಾನುವಾರ ಬೆಳಿಗ್ಗೆ, “ತಮ್ಮ ಪತಿ ಬೆಳ್ಯಪ್ಪನವರ ಅಗಲಿಕೆಯ ನೋವಿನಲ್ಲಿ ಶ್ರೀಮತಿ ದೇವಕಿಯವರು ಬರೆದ ಕವಿತೆ” ಎಂದು ಹೇಳಿಯೇ ಓದಿದೆ. ಅಕ್ಕಿಯ ಸಾಲಿಗೆ ಬಂದಾಗ ನನ್ನ ದನಿ ಒಡೆಯಿತು. ನೇರ ಪ್ರಸಾರ, ಅಳಿಸುವಂತಿಲ್ಲ. ಅಳಿಸುವ ಮನಸ್ಸೂ ಇರಲಿಲ್ಲ. ಚೆನ್ನಾಗಿ ಓದಿದೆ ಎಂಬ ಹೆಮ್ಮೆಯಲ್ಲಿ ಮನೆಗೆ ಹೋಗಿ ಮೀನು ಸಾರು ಉಂಡು ಮಲಗಿದೆ.

ಸೋಮವಾರ ಹತ್ತೂವರೆಗೆ ಕಚೇರಿಯ ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಎತ್ತರದ, ಮೀಸೆಯ, ಅರವತ್ತು ದಾಟಿದ ಒಬ್ಬರು. ಅವರ ಹಿಂದೆ ಕಡುನೀಲಿ ಸೀರೆಯ, ಹಣೆಯ ಮೇಲೆ ದೊಡ್ಡ ಕುಂಕುಮ ಇಟ್ಟುಕೊಂಡ ಹೆಂಗಸು. ಆ ಕುಂಕುಮ ಅವತ್ತು ಬೇಕೆಂದೇ ಅಷ್ಟು ದೊಡ್ಡದಾಗಿತ್ತು ಎಂದು ಆಮೇಲೆ ತಿಳಿಯಿತು.

“ನಾನು ಬೆಳ್ಯಪ್ಪ ಮೇಡಂ” ಎಂದರು ಅವರು. ಪಕ್ಕದ ಕೋಣೆಯ ಇಬ್ಬರು ಎದ್ದು ನೋಡಿದರು, ದನಿ ಅಷ್ಟು ದೊಡ್ಡದು. “ನೀವು ನಿನ್ನೆ ಹೇಳಿದ್ರಲ್ಲ, ಅದೇ ಬೆಳ್ಯಪ್ಪ.”

ಕೂರಿಸಿ ಕಾಫಿ ತರಿಸಿದೆ. ಬೆಳ್ಯಪ್ಪ ಒಂದೊಂದಾಗಿ ಬಿಚ್ಚಿ ಹೇಳಿದರು. ಅವರು ವಿರಾಜಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟ್ ಆಗಿದ್ದವರು, ಊರುಗಳ ಹೆಸರು ಕೂಗಿ ಜನರನ್ನು ಹತ್ತಿಸುವ ಕೆಲಸ. ಕೆಲಸ ಬಿಟ್ಟ ಮೇಲೆ ಗುಟ್ಟಾಗಿ ಪದ್ಯ ಬರೆಯುತ್ತಿದ್ದರು. ಈ ಪದ್ಯವೂ ಅವರದೇ.

“ಹೆಂಡತಿ ಹೆಸರು ಯಾಕೆ ಹಾಕಿದ್ರಿ?” ಎಂದೆ.

“ಗಂಡಸು ವಿಧವೆ ಪದ್ಯ ಬರ್ದ ಅಂತ ಗೊತ್ತಾದ್ರೆ ಸ್ಟ್ಯಾಂಡಿನವ್ರು ನನ್ನ ಬದುಕ್ಲಿಕ್ಕೆ ಬಿಡ್ತಾರಾ ಮೇಡಂ? ಮತ್ತೆ, ಮಾತಾಡೂದು ಅವ್ಳೇ ಅಲ್ವಾ ಅದ್ರಲ್ಲಿ. ಹಾಗಾಗಿ ಅವ್ಳ ಹೆಸ್ರೇ ಸರಿ ಅನ್ನಿಸ್ತು.”

ಇಷ್ಟು ಸರಳವಾದ ನ್ಯಾಯ ನನ್ನ ನಾಲ್ಕು ಪುಟಗಳಲ್ಲಿ ಇರಲಿಲ್ಲ. ಆದರೆ ಅದನ್ನು ಮೆಚ್ಚಿಕೊಳ್ಳುವ ಹೊತ್ತಲ್ಲ ಅದು. ಭಾನುವಾರ ಪ್ರಸಾರ ಮುಗಿದು ಗಂಟೆಯೊಳಗೆ ಸಂಬಂಧಿಕರ ವಾಟ್ಸಾಪ್ ಗುಂಪಿನಲ್ಲಿ ಬೆಳ್ಯಪ್ಪನವರ ಹಳೆಯ ಫೋಟೊ, ಅದಕ್ಕೆ ಹೂವಿನ ಹಾರ. ಮಧ್ಯಾಹ್ನಕ್ಕೆ ದೇವಕಿಯವರ ಅಣ್ಣ ಜೀಪು ತುಂಬ ಜನ ತುಂಬಿಕೊಂಡು, ಎಲ್ಲರೂ ಬಿಳಿ ಬಟ್ಟೆ ಉಟ್ಟು ಬಂದಿಳಿದರು. ನಮ್ಮ ಕಡೆ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. “ಗುಂಡಿನ ಸದ್ದು ಕೇಳ್ಲಿಲ್ಲಲ್ಲ ಅಂತ ದಾರಿ ಉದ್ದಕ್ಕೂ ಅನುಮಾನ ಇತ್ತು” ಎಂದರಂತೆ ಅಣ್ಣ. ಗೇಟಿನಲ್ಲಿ ಅವರನ್ನು ಎದುರುಗೊಂಡದ್ದು ಬೆಳ್ಯಪ್ಪ. ರೇಡಿಯೋ ಕೇಳುವುದನ್ನು ಮರೆತು ಮೆಣಸಿನ ಬಳ್ಳಿಗೆ ಮದ್ದು ಹೊಡೆಯುತ್ತಿದ್ದವರು, ನೆಂಟರನ್ನು ನೋಡಿ ಖುಷಿಯಾಗಿ, “ಯಾರು ಹೋದ್ರು?” ಎಂದು ಕೇಳಿದರಂತೆ.

ಇದನ್ನು ಹೇಳಿ ಬೆಳ್ಯಪ್ಪ ನಕ್ಕರು. ನನಗೂ ನಗು ಬಂತು. ದೇವಕಿ ನಗಲಿಲ್ಲ. ಕಾಫಿ ಲೋಟ ಕೆಳಗಿಟ್ಟರು.

“ಓದಿದ್ದು ನೀವಾ?”

“ಹೌದಮ್ಮ.”

“ಅತ್ತದ್ದೂ ನೀವೇ?”

“ಹೌದು.”

“ನಿಮ್ಮ ಯಜಮಾನ್ರು ಇದ್ದಾರಾ?”

“ಇದ್ದಾರೆ.”

“ಮತ್ತೆ ಯಾರಿಗೆ ಅತ್ರಿ?”

ಇಷ್ಟು ವರ್ಷ ಪದ್ಯ ಓದಿದ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಬೆಳ್ಯಪ್ಪನವರಿಗಂತೂ ಅತ್ತಿರಲಿಲ್ಲ, ಅವರು ಯಾರೆಂದೇ ಗೊತ್ತಿರಲಿಲ್ಲ. ಯೋಚಿಸಿ ನೋಡಿದರೆ, ಅಪ್ಪ ಹೋದ ಮೇಲೂ ಬಹಳ ದಿನ ಹೆಚ್ಚು ಅನ್ನ ಮಾಡಿ ಸಂಜೆಗೆ ಅದನ್ನೇ ಉಣ್ಣುತ್ತಿದ್ದ ನನ್ನ ಅವ್ವ ಆ ಸಾಲಿನಲ್ಲಿ ಬಂದು ನಿಂತಿದ್ದಳು. ಹಾಗೆಂದು ಹೇಳಿದೆ. ದೇವಕಿ ತಲೆಯಾಡಿಸಿದರು, ಆದರೆ ಬಿಡಲಿಲ್ಲ.

“ನೀವು ನಿಮ್ಮ ಅವ್ವನಿಗೆ ಅತ್ರಿ. ಇವ್ರು ಕೂತು ಬರ್ದ್ರು. ಆದ್ರೆ ಹೆಸ್ರು ಹೋದದ್ದು ನಂದು. ಇವ್ರು ಬದುಕಿರುವಾಗ್ಲೇ ನಾನು ಬಾಯಿ ಬಿಟ್ಟು ಇವ್ರು ಸತ್ರು ಅಂತ ಊರಿಗೆಲ್ಲ ಹೇಳಿದ ಹಾಗಾಯ್ತು. ನಿನ್ನೆಯಿಂದ ನಂಗೆ ಅನ್ನ ಸೇರೂದಿಲ್ಲ.” ಅವರ ಕಣ್ಣು ತುಂಬಿತ್ತು. “ಅದು ವಾಪಸ್ ಆಗ್ಬೇಕು. ನಾನೇ ಹೇಳ್ಬೇಕು.”

ಮೇಲಧಿಕಾರಿಯ ಬಳಿ ಹೋದೆ. ನಡೆದದ್ದನ್ನೆಲ್ಲ ಕೇಳಿ ಅವರು ಸ್ವೆಟರಿನ ಗುಂಡಿ ಹಾಕಿಕೊಂಡರು.

“ವಿಷಾದಿಸ್ತೀವಿ ಅಂತ ಒಂದು ಸಾಲು ನೀವ ಓದ್ರಿ. ಮುಗೀತು.”

“ಅವರಿಗೆ ಅದು ಸಾಲದು ಸರ್. ತಾವೇ ಮಾತಾಡಬೇಕಂತೆ.”

“ಎಲ್ಲಾರೂ ಬಂದು ತಾವ ಮಾತಾಡ್ತೀವಿ ಅಂದ್ರ?”

“ಈ ಸಲ ಮಾತಾಡುವವರು ಯಾರು ಅಂತ ನನಗೆ ಖಾತ್ರಿ ಇದೆ ಸರ್” ಎಂದೆ. ಹೇಳಿದ ಮೇಲೆ ಅಧಿಕಪ್ರಸಂಗವಾಯಿತೇನೋ ಎಂದು ಹೆದರಿದೆ. ಅವರು ಕನ್ನಡಕ ತೆಗೆದು ಒರೆಸಿ, ಮೂರು ನಿಮಿಷ ಎಂದರು.

ಬರೆದುಕೊಟ್ಟರೆ ಓದುತ್ತೀರಾ ಎಂದು ದೇವಕಿಯವರನ್ನು ಕೇಳಿದೆ. ಅವರಿಗೆ ಓದಲು ಅಷ್ಟಾಗಿ ಬರುತ್ತಿರಲಿಲ್ಲ. ಹಾಗಾದರೆ ಒಂದೇ ವಾಕ್ಯ ಸಾಕು, “ನನ್ನ ಗಂಡ ಬೆಳ್ಯಪ್ಪ ಬದುಕಿದ್ದಾರೆ” ಎಂದು ಹೇಳಿಬಿಡಿ ಎಂದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಗ ನನಗೆ ಹೊಳೆಯಿತು. ಮದುವೆಯಾಗಿ ನಲವತ್ತು ವರ್ಷದಲ್ಲಿ ಅವರು ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಹೇಳಿಲ್ಲ. ಅವರ ವಾರಗೆಯ ಹೆಂಗಸರು ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಕೇಳಿದರೆ ಪಕ್ಕದಲ್ಲಿದ್ದವರೇ ಹೇಳಬೇಕು. ಹೆಸರನ್ನು ಕೊನೆಯಲ್ಲಿ ನಾನು ಹೇಳುತ್ತೇನೆ, ನೀವು ಉಳಿದದ್ದು ಹೇಳಿ ಎಂದು ಒಪ್ಪಿಸಿ ಸ್ಟುಡಿಯೋದೊಳಗೆ ಕೂರಿಸಿದೆ. ಬೆಳ್ಯಪ್ಪನವರು ಗಾಜಿನ ಈಚೆ, ನನ್ನ ಪಕ್ಕದ ಕುರ್ಚಿಯಲ್ಲಿ. ಒಳಗಿನ ಮಾತು ಇಲ್ಲಿ ಸ್ಪೀಕರಿನಲ್ಲಿ ಕೇಳುತ್ತಿತ್ತು.

ಕೆಂಪು ದೀಪ ಹತ್ತಿತು. ದೇವಕಿ ಮೈಕನ್ನು ನೋಡಿದರು. ಅರ್ಧ ನಿಮಿಷ ಬರೀ ಉಸಿರು. ನಾನು ಕೈಸನ್ನೆ ಮಾಡಲು ಹೋಗಿ ನರ್ಸಮ್ಮನನ್ನು ನೆನೆದು ಸುಮ್ಮನಾದೆ. ಆಮೇಲೆ ಶುರು ಮಾಡಿದರು. ಆ ಮುದ್ರಣವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ಇಲ್ಲಿ ಹಾಗೆಯೇ ಬರೆಯಬಲ್ಲೆ.

“ನಾನು ದೇವಕಿ. ನಮ್ಮ ಮನೆಯವ್ರು ಇದ್ದಾರೆ. ಇಲ್ಲ ಅಂತ ಹೇಳಿದ್ದು ನಾನಲ್ಲ. ನಮ್ಮ ಮನೆಯವ್ರು ಯಾರು ಅಂತ ಕೇಳಿದ್ರೆ... ಪೇಟೆ ಸ್ಟ್ಯಾಂಡಲ್ಲಿ ಕೂಗ್ತಾ ಇದ್ದವ್ರು. ನೀವು ಯಾರಾದ್ರೂ ಓಡಿಬಂದು ಬಸ್ಸು ಹತ್ತಿದ್ರೆ, ಆ ಬಸ್ಸು ಹಿಡ್ದು ನಿಲ್ಸಿದ್ದು ಅವ್ರೇ. ಅವ್ರಿಗೆ ಮೆಲ್ಲ ಮಾತಾಡ್ಲಿಕ್ಕೆ ಬರೂದಿಲ್ಲ. ಗುಟ್ಟು ಹೇಳಿದ್ರೆ ಆಚೆ ಮನೆಗೆ ಕೇಳ್ತದೆ. ಹಾಗಾಗಿ ನಮ್ಮಲ್ಲಿ ಗುಟ್ಟಿಲ್ಲ. ಇದೊಂದು ಪದ್ಯ ಬಿಟ್ಟು.

“ಪದ್ಯಲಿ ಕೊಡೆ ನೋಡಿ ಅಳ್ತೇನೆ ಅಂತ ಬರ್ದಿದ್ದಾರೆ. ಕೊಡೆ ಅವ್ರು ವಾರಕ್ಕೊಂದು ಬಸ್ಸಲ್ಲಿ ಬಿಟ್ಟು ಬರ್ತಾರೆ. ಮನೆಲಿ ಉಳಿದ್ರೆ ತಾನೆ ನಾನು ಅಳೂದು. ಅಕ್ಕಿ ಅಳೀತೇನೆ ಅಂತ ಬರ್ದಿದ್ದಾರೆ. ನಾನು ಅಳಿಯೂದಿಲ್ಲ, ಕಣ್ಣಂದಾಜು. ಇಷ್ಟು ವರ್ಷ ಉಂಡವ್ರಿಗೆ ಅದೂ ಗೊತ್ತಿಲ್ಲ.

“ಮೀನಿನ ತಲೆ ನನ್ನ ತಟ್ಟೆಗೆ ಹಾಕ್ತಾರೆ, ತಮ್ಗೆ ಆಗೂದಿಲ್ಲ ಅಂತಾರೆ. ಅಣ್ಣನ ಮನೇಲಿ ಎರಡು ತಿಂದದ್ದು ನಾನು ನೋಡಿದ್ದೇನೆ. ನಂಗೆ ಜ್ವರ ಬಂದು ಮಲಗಿದಾಗ ಗಂಜಿ ಮಾಡಿ ಕೊಟ್ರು. ಉಪ್ಪು ಹಾಕಿರ್ಲಿಲ್ಲ. ನಾನು ಹೇಳ್ಲಿಲ್ಲ. ಪೂರ್ತಿ ಕುಡ್ದೆ.

“ಹೋದ ಮಳೆಗಾಲ ನಾನು ಹೇಳಿದ್ದೆ, ನಾನು ಮೊದ್ಲು ಹೋಗ್ತೇನೆ, ನೀವು ಹಿಂದಿಂದ ಬನ್ನಿ ಅಂತ. ಅವ್ರು ಅದಕ್ಕೆ ಏನೂ ಹೇಳ್ಲಿಲ್ಲ. ಹೋಗಿ ಈ ಪದ್ಯ ಬರ್ದ್ರು. ನಾನು ಒಪ್ಪೂದಿಲ್ಲ. ಇಷ್ಟೇ.”

ದೀಪ ಆರಿತು. ನನಗೆ ಆಗ ಅರ್ಥವಾಯಿತು. ನಾನು ವಿಧವೆಯ ಗೋಳೆಂದು ಓದಿದ್ದು, ಆಮೇಲೆ ಮುದುಕನ ತಮಾಷೆಯೆಂದು ತಿಳಿದದ್ದು, ಎರಡೂ ಅಲ್ಲ. ಯಾರು ಮೊದಲು ಹೋಗಬೇಕು ಎಂದು ಗಂಡಹೆಂಡಿರ ನಡುವೆ ನಡೆಯುತ್ತಿದ್ದ ವಾದದಲ್ಲಿ ಅದು ಒಬ್ಬರ ಉತ್ತರ. ಅದನ್ನು ನಾನು ಊರಿಗೆಲ್ಲ ಕೇಳುವಂತೆ ಓದಿಬಿಟ್ಟಿದ್ದೆ. ಪಶ್ಚಾತ್ತಾಪವಾಯಿತು, ಸುಳ್ಳು ಹೇಳಬಾರದು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಹೆಸರು ಸೇರಿಸೋಣ ಎಂದು ನನ್ನ ಮೈಕಿನ ಗುಂಡಿ ಒತ್ತಿದೆ. ಒಳಗಿನಿಂದ ದೇವಕಿ ಕೈಯಾಡಿಸಿದರು. ಅವರ ಮನೆಮಾತು ಅರೆಭಾಷೆ. ಅದೇ ಬಾಯಿಗೆ ಬಂತು. “ಹೆಸ್ರು ಬೊತ್ತು” ಎಂದರು, ಬೇಡ ಎಂದು. “ಕೇಳಿದವ್ರಿಗೆ ಗೊತ್ತಾಗ್ತದೆ.” ಮುಂದಿನ ಭಾನುವಾರ ಹಾಗೆಯೇ ಪ್ರಸಾರವಾಯಿತು. ಯಾರ ಗಂಡ ಎಂದು ಕೇಳಿ ಒಂದು ಫೋನೂ ಬರಲಿಲ್ಲ. ಮೇಲಧಿಕಾರಿ ಅಷ್ಟನ್ನೂ ಕೇಳಿ, ಮೂರು ನಿಮಿಷ ದಾಟಿದೆ ಎಂದಷ್ಟೇ ಹೇಳಿದರು.

ಆದರೆ ಅವತ್ತು ದೀಪ ಆರಿದ ಮೇಲೆ, ದೇವಕಿ ಹೊರಗೆ ಬರುವ ಮೊದಲು, ಬೆಳ್ಯಪ್ಪ ನನ್ನ ಕಡೆಗೆ ಬಾಗಿದರು. ಪೇಟೆ ಸ್ಟ್ಯಾಂಡನ್ನು ತುಂಬುತ್ತಿದ್ದ ಆ ದನಿ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

“ಮೇಡಂ, ಆ ಗಂಜಿಗೆ ನಾನು ಉಪ್ಪು ಹಾಕಿರ್ಲಿಲ್ವಾ?”

ಅವರು ಕಣ್ಣು ಒರೆಸಿಕೊಂಡು ಬಸ್ಸು ನೋಡಿ ಬರುತ್ತೇನೆಂದು ಹೊರಗೆ ಹೋದರು. ದೇವಕಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಈಗ ಅವರ ಮುಖ ತಿಳಿಯಾಗಿತ್ತು. ಹತ್ತಿರ ಹೋಗಿ, ನಿಮ್ಮವರಿಗೆ ಉಪ್ಪಿನದೇ ಚಿಂತೆ ಹತ್ತಿದೆ ಎಂದೆ.

ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಉಪ್ಪು ಇತ್ತು ಮೇಡಂ. ಹೇಳ್ತಾ ಹೇಳ್ತಾ, ಇರ್ಲಿಲ್ಲ ಅಂತ ಹೇಳಿದ್ರೇ ಸರಿ ಅನ್ನಿಸ್ತು. ಅವ್ರಿಗೆ ಹೇಳ್ಬೇಡಿ.”